ಎದುರುಗಾಳಿ, ಒರಟು ತೆರೆ, 24 ಅಡಿಯ ಹಳೆಯ ಹಾಯಿದೋಣಿ: ಮೂತಿ ಸರಿಯಾಗಿಯೇ ಇದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ

ತೆರೆನೊರೆ
ಮಿತ್ರರೇ, ನನ್ನದು 1970ರ ದಶಕದಲ್ಲಿ ಕಟ್ಟಿದ 24 ಅಡಿಯ ಫೈಬರ್ ಗ್ಲಾಸ್ ದೋಣಿ. ತಳದ ಉದ್ದಕ್ಕೂ ನೀರಿಗೆ ಇಳಿದಿರುವ ಭಾರವಾದ ಹಲಗೆ, ಅಂದರೆ ಉದ್ದ ಕೀಲ್, ನೀರಿನ ಗೆರೆಯಲ್ಲಿ ಸುಮಾರು 19 ಅಡಿ, ಮುಂದಿನ ತಂತಿಗೆ ಸುತ್ತಿಕೊಳ್ಳುವ ಜಿನೋವಾ ಎಂಬ ದೊಡ್ಡ ಮುಂದಿನ ಹಾಯಿ, ಹಿಂಬದಿಯಲ್ಲಿ ಹೊರಗೆ ತೂಗುಹಾಕಿದ ಎಂಜಿನ್, ಆರು ಅಶ್ವಶಕ್ತಿಯ ಔಟ್‌ಬೋರ್ಡ್. ಸಮತಟ್ಟಾದ ನೀರಿನಲ್ಲಿ ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಗಾಳಿ 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ದಾಟಿ, ಒಂದೂವರೆ ಮೀಟರಿನ ಗಿಡ್ಡ, ಕಡಿದಾದ ತೆರೆಗಳು ಎದ್ದವೆಂದರೆ ಕಥೆಯೇ ಬೇರೆ. ದಿಕ್ಸೂಚಿ ನೋಡಿದರೆ ಮೂತಿ ಗಾಳಿಗೆ 48 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಮನೆಗೆ ಬಂದು ಜಿಪಿಎಸ್ ಜಾಡು ತೆಗೆದು ನೋಡಿದರೆ ಗಾಳಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟುಕೊಂಡು ಓರೆಯಾಗಿ ಸಾಗುವ ಎರಡು ಟ್ಯಾಕ್‌ಗಳ ನಡುವಿನ ಕೋನ 135 ಡಿಗ್ರಿ! ವೇಗ ಮೂರು ನಾಟ್. ಎರಡು ತೆರೆಗಳನ್ನು ಹತ್ತುತ್ತದೆ, ಮೂರನೆಯದಕ್ಕೆ ಢಿಕ್ಕಿ ಹೊಡೆದು ನಿಂತುಬಿಡುತ್ತದೆ. ಚುಕ್ಕಾಣಿಯ ಹಿಡಿಕೆಯಾದ ಟಿಲ್ಲರ್ ಎಳೆದು ಎಳೆದು ತೋಳು ಸೋಲುತ್ತದೆ.

ಇದು ದೋಣಿಯ ಮಿತಿಯೇ? ಹೊಸ ಹಾಯಿ ಹೊಲಿಸಬೇಕೇ? ಅಥವಾ ಇಂಥ ದೋಣಿಯಿಂದ ಇಷ್ಟನ್ನು ನಿರೀಕ್ಷಿಸುವುದೇ ತಪ್ಪೇ?

ಕಡಲಕಾಗೆ
ದೋಣಿಯ ಮಿತಿ. ಎಂಜಿನ್ ಹಾಕಿ, ಹಾಯಿ ಇಳಿಸಿ, ಮನೆ ಸೇರಿ.

ಹಳೆಲಂಗರು
ಕಾಗೆಯವರು ಎಂದಿನಂತೆ ಒಂದೇ ಏಟಿಗೆ ತೀರ್ಪು ಕೊಟ್ಟರು. ತೆರೆನೊರೆಯವರೇ, ಮೊದಲು ಹೇಳಿ: ಹಾಯಿಗಳಿಗೆ ಎಷ್ಟು ವಯಸ್ಸು? ಆಗ ಎಷ್ಟು ಹಾಯಿ ಬಿಚ್ಚಿತ್ತು? ದೋಣಿ ಎಷ್ಟು ವಾಲಿತ್ತು?

ತೆರೆನೊರೆ
ಹಾಯಿಗಳು ದೋಣಿಯ ಜೊತೆಗೇ ಬಂದವು, ವಯಸ್ಸು ತಿಳಿಯದು. ಮುಖ್ಯ ಹಾಯಿಗೆ ಒಂದು ರೀಫ್ ಹಾಕಿ, ಅಂದರೆ ಒಂದು ಮಡಿಕೆ ಕಟ್ಟಿ ಚಿಕ್ಕದು ಮಾಡಿದ್ದೆ, ಜಿನೋವಾವನ್ನು ಅರ್ಧಕ್ಕೆ ಸುತ್ತಿದ್ದೆ. ಗಾಳಿಮರೆಯ ಕಡೆಯ, ಅಂದರೆ ಗಾಳಿ ಹೋಗುವ ಬದಿಯ, ಡೆಕ್ ಅಂಚು ಆಗಾಗ ನೀರಿಗೆ ತಾಗುತ್ತಿತ್ತು. 30 ಡಿಗ್ರಿ ಎನ್ನೋಣ.

ಗಾಳಿಗುರುತು
30 ಡಿಗ್ರಿ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಉಳಿದರ್ಧ 48 ಡಿಗ್ರಿ ಎಂಬ ಮಾತಿನಲ್ಲಿದೆ. ಆ ತೆರೆಯಲ್ಲಿ ಈ ದೋಣಿಯನ್ನು 48ಕ್ಕೆ ಹಿಡಿಯಬಾರದು.

ಕೀಲ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಹಾಯಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ನೀರಿನಡಿಯಲ್ಲಿ ಕೀಲ್ ಅದನ್ನು ತಡೆಯುತ್ತದೆ. ಆ ತಡೆ ಹುಟ್ಟುವುದು ಕೀಲ್ ನೀರಿನಲ್ಲಿ ಮುಂದೆ ಓಡುವುದರಿಂದ, ಮತ್ತು ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ತಡೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಕ್ಕಕ್ಕೆ ತಳ್ಳುವ ಬಲ ಅಷ್ಟೇ ಇದೆಯಲ್ಲ? ಅದನ್ನು ಸರಿದೂಗಿಸಲು ಕೀಲ್ ಸುಮಾರು ನಾಲ್ಕು ಪಟ್ಟು ಕೋನದಲ್ಲಿ ಜಾರಬೇಕಾಗುತ್ತದೆ. ಐದು ನಾಟ್‌ನಲ್ಲಿ ನಾಲ್ಕು ಡಿಗ್ರಿ ಜಾರುವ ದೋಣಿ ಎರಡೂವರೆ ನಾಟ್‌ನಲ್ಲಿ 16 ಡಿಗ್ರಿ ಜಾರುತ್ತದೆ. ಮೂರನೆಯ ತೆರೆಗೆ ನಿಮ್ಮ ದೋಣಿ ನಿಂತಾಗ ಆಗುವುದು ಇದೇ. ಮೂತಿ 48ರಲ್ಲೇ ಇರುತ್ತದೆ, ದೋಣಿ ಇಡಿಯಾಗಿ ಗಾಳಿಮರೆಯ ಕಡೆಗೆ ಸರಿಯುತ್ತದೆ. ದಿಕ್ಸೂಚಿಗೆ ಇದು ಕಾಣುವುದಿಲ್ಲ, ಜಿಪಿಎಸ್‌ಗೆ ಕಾಣುತ್ತದೆ.

ಲೆಕ್ಕಕ್ಕೆ ಬರೋಣ. ಜಾಡಿನ ಕೋನ 135 ಎಂದರೆ ಗಾಳಿಗೆ 67.5 ಡಿಗ್ರಿ. ಮೂರು ನಾಟ್ ವೇಗದಲ್ಲಿ ಗಾಳಿ ಬರುವ ದಿಕ್ಕಿಗೆ ನೀವು ಗಳಿಸುವುದು ಗಂಟೆಗೆ 1.15 ನಾಟಿಕಲ್ ಮೈಲಿ. ಮೂತಿಯನ್ನು ಗಾಳಿಯಿಂದ ದೂರಕ್ಕೆ, 52ಕ್ಕೆ ಇಳಿಸಿ, ವೇಗ 4.5ಕ್ಕೆ ಏರಿ, ಜಾರುವುದು ಐದು ಡಿಗ್ರಿಗೆ ಇಳಿದರೆ ಗಳಿಕೆ 2.45. ಎರಡು ಪಟ್ಟಿಗೂ ಹೆಚ್ಚು. ಗಾಳಿಯಿಂದ ನಾಲ್ಕು ಡಿಗ್ರಿ ದೂರ ಸರಿದು ಗುರಿಗೆ ಎರಡು ಪಟ್ಟು ಬೇಗ ಹತ್ತಿರವಾಗುತ್ತೀರಿ.

ಕಡಲಕಾಗೆ
ಕಾಗದದ ಮೇಲೆ 4.5 ಬರೆಯುವುದು ಸುಲಭ. ನೀರಿನ ಗೆರೆ 19 ಅಡಿಯ ದೋಣಿಯ ಗರಿಷ್ಠ ವೇಗವೇ 5.8 ನಾಟ್. ಒಂದೂವರೆ ಮೀಟರಿನ ಎದುರು ತೆರೆಯಲ್ಲಿ 4.5 ಎಲ್ಲಿಂದ ತರುತ್ತೀರಿ?

ಗಾಳಿಗುರುತು
ಮೂತಿ ಇಳಿಸಿ, ವಾಲುವುದನ್ನು ಕಡಿಮೆ ಮಾಡಿ, ಹಾಯಿಯ ಆಕಾರ ಸರಿಪಡಿಸಿ. ಈ ಮೂರೂ ಸೇರಿದರೆ ಬರುತ್ತದೆ. ನಾಲ್ಕೇ ನಾಟ್ ಬಂದರೂ ಗಳಿಕೆ ಎರಡಕ್ಕೂ ಮೇಲಿರುತ್ತದೆ.

ಉಬ್ಬರವಿಳಿತ
ಪ್ರವಾಹವನ್ನು ಯಾರೂ ಕೇಳಲೇ ಇಲ್ಲವಲ್ಲ! ಜಿಪಿಎಸ್ ಜಾಡು ನೆಲದ ಲೆಕ್ಕ, ನೀರಿನ ಲೆಕ್ಕವಲ್ಲ. ಒಂದು ನಾಟ್ ಪ್ರವಾಹ ಎದುರಿಗಿದ್ದರೆ ಎಷ್ಟು ಒಳ್ಳೆಯ ದೋಣಿಯ ಜಾಡೂ ಅಗಲವಾಗಿಯೇ ಕಾಣುತ್ತದೆ. ಆ ಹೊತ್ತಿನಲ್ಲಿ ನೀರು ಯಾವ ಕಡೆ ಹರಿಯುತ್ತಿತ್ತು?

ತೆರೆನೊರೆ
ಮೊದಲರ್ಧ ನನ್ನ ಜೊತೆಗೆ, ಅಂದರೆ ಗಾಳಿಗೆ ಎದುರಾಗಿ. ಆಮೇಲೆ ನಿಂತ ನೀರು. ವಿಚಿತ್ರವೆಂದರೆ ತೆರೆ ಅತಿ ಕೆಟ್ಟದಾಗಿದ್ದದ್ದು ಮೊದಲರ್ಧದಲ್ಲೇ.

ಉಬ್ಬರವಿಳಿತ
ಅದರಲ್ಲಿ ವಿಚಿತ್ರವೇನಿಲ್ಲ. ಗಾಳಿಯೂ ನೀರೂ ಎದುರುಬದುರಾದರೆ ತೆರೆಗಳು ಒತ್ತೊತ್ತಾಗಿ ಕಡಿದಾಗುತ್ತವೆ. ಎರಡೂ ಒಂದೇ ಕಡೆ ಹೋದರೆ ತೆರೆ ಚಪ್ಪಟೆಯಾಗುತ್ತದೆ, ಆದರೆ ಪ್ರವಾಹ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತದೆ. ಪುಟ್ಟ ದೋಣಿಯವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ನಾನಾದರೆ ಜೋರಾದ ಪ್ರವಾಹವನ್ನು ಬಿಟ್ಟು, ನೀರು ತಿರುಗುವ ಹೊತ್ತಿಗೆ ಹೊರಡುತ್ತೇನೆ.

ಪುಟ್ಟಪಟ
ಪ್ರವಾಹ ಜೊತೆಗಿದ್ದರೆ ಕಣ್ಣು ಮುಚ್ಚಿ ಹೋಗಬೇಕು. ಪುಕ್ಕಟೆಯಾಗಿ ಸಿಗುವ ಒಂದು ನಾಟ್ ಬಿಡುವುದುಂಟೇ?

ಉಬ್ಬರವಿಳಿತ
30 ಅಡಿ ಮೇಲಿನ ದೋಣಿಗೆ ಒಪ್ಪುತ್ತೇನೆ. 19 ಅಡಿಯ ನೀರಿನ ಗೆರೆಗೆ ಒಪ್ಪುವುದಿಲ್ಲ. ತೆರೆಯಲ್ಲಿ ಎರಡು ನಾಟ್ ಕಳೆದು ಪ್ರವಾಹದಿಂದ ಒಂದು ಪಡೆದರೆ ಅದು ಲಾಭವಲ್ಲ.

ಸೂಜಿದಾರ
ಹಾಯಿ ಹೊಲಿಯುವುದು ನನ್ನ ಕೆಲಸ, ಆ ಕಡೆಯಿಂದ ಹೇಳುತ್ತೇನೆ. ಅರ್ಧ ಸುತ್ತಿದ ಹಳೆಯ ಜಿನೋವಾ ಎದುರುಗಾಳಿಗೆ ಅತ್ಯಂತ ಕೆಟ್ಟ ಹಾಯಿ. ಅಂಚುಗಳಲ್ಲಿ ಬಟ್ಟೆ ಸುತ್ತಿಕೊಳ್ಳುತ್ತದೆ, ನಡುವಿನ ಹೊಟ್ಟೆ ಹಾಗೆಯೇ ಉಳಿಯುತ್ತದೆ. ಗಾಳಿ ಹೆಚ್ಚಾದಾಗ ಚಪ್ಪಟೆಯಾಗಬೇಕಾದ ಹಾಯಿ ಇನ್ನಷ್ಟು ಉಬ್ಬುತ್ತದೆ. ಮುಂದಿನ ತಂತಿ ಸಡಿಲವಾಗಿ ಗಾಳಿಮರೆಗೆ ಬಾಗಿದ್ದರಂತೂ ಆ ಉಬ್ಬಿಗೆ ಇನ್ನೂ ಬಟ್ಟೆ ಒದಗುತ್ತದೆ.

ಮುಂದಿನ ಸಲ ಗಾಳಿ ಬೀಸುವಾಗ ಮುಖ್ಯ ಹಾಯಿಯ ಕೆಳ ಅಂಚಿನ ನಡುವೆ ತಲೆ ಇಟ್ಟು ಮೇಲಕ್ಕೆ ನೋಡಿ. ಅಡ್ಡ ಹೊಲಿಗೆಯೊಂದನ್ನು ಕಣ್ಣಿನಿಂದ ಹಿಂಬಾಲಿಸಿ. ಅದು ಅತಿ ಹೆಚ್ಚು ಬಾಗಿರುವ ಜಾಗ ಹಾಯಿಕಂಬವಾದ ಕೂವೆಯಿಂದ ಹಿಂದಿನ ಅಂಚಿನವರೆಗಿನ ಅಗಲದ ಅರ್ಧಕ್ಕಿಂತ ಮುಂದಿರಬೇಕು. ಹಿಗ್ಗಿದ ಹಳೆಯ ಹಾಯಿಬಟ್ಟೆ ಡೇಕ್ರಾನ್‌ನಲ್ಲಿ ಅದು ಹಿಂದಕ್ಕೆ ಸರಿದಿರುತ್ತದೆ, ಹಿಂದಿನ ಅಂಚು ಬಾಗಿಲಿನ ಹಾಗೆ ಒಳಕ್ಕೆ ಮುಚ್ಚಿಕೊಂಡಿರುತ್ತದೆ. ಅಂಥ ಹಾಯಿ ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ಕೆಡವುವುದೇ ಹೆಚ್ಚು.

ಹೊಸದು ಹೊಲಿಸುವ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಹಾಯಿ ಏರಿಸುವ ಹಗ್ಗವನ್ನು ಮುಂದಿನ ಅಂಚಿನಲ್ಲಿ ಉದ್ದದ ನೆರಿಗೆ ಕಾಣಿಸುವ ತನಕ ಬಿಗಿ ಮಾಡಿ, ಕೆಳ ಅಂಚನ್ನು ಹಿಂದಕ್ಕೆ ಪೂರ್ತಿ ಎಳೆಯಿರಿ, ಕೂವೆಯ ಹಿಂದಿನ ತಂತಿಯನ್ನು ಬಿಗಿ ಮಾಡಿ. ಹಿಂದಿನ ತಂತಿ ಬಿಗಿಯಾದರೆ ಮುಂದಿನದೂ ಬಿಗಿಯಾಗುತ್ತದೆ.

ಹಳೆಲಂಗರು
ಜಿನೋವಾವನ್ನು ಎಳೆದು ಹಿಡಿಯುವ ಹಗ್ಗ, ಅಂದರೆ ಶೀಟ್, ಹಾಯುವ ರಾಟೆಯನ್ನೂ ಹಿಂದಕ್ಕೆ ಸರಿಸಬೇಕು, ಮೇಲ್ಭಾಗ ತೆರೆದು ಗಾಳಿ ಬಿಡುತ್ತದೆ.

ಸೂಜಿದಾರ
ಪೂರ್ತಿ ಬಿಚ್ಚಿದ ಹಾಯಿಗೆ ಆ ಮಾತು ಸರಿ. ಸುತ್ತಿದಾಗ ಹಾಯಿಯ ಹಿಂದಿನ ಮೂಲೆಯೇ ಮುಂದಕ್ಕೆ ಸರಿಯುವುದರಿಂದ ಮೊದಲು ರಾಟೆಯನ್ನೂ ಮುಂದಕ್ಕೆ ತರಬೇಕು. ಆ ಹೊಸ ಜಾಗದಿಂದ ಒಂದೆರಡು ರಂಧ್ರ ಹಿಂದಕ್ಕೆ ಇಟ್ಟರೆ ನೀವು ಹೇಳಿದ ಫಲ ಸಿಗುತ್ತದೆ. ನನ್ನ ಸಲಹೆ ಕೇಳಿದರೆ ಜಿನೋವಾವನ್ನೇ ತೆಗೆದು, ಗಟ್ಟಿ ಬಟ್ಟೆಯ ಚಿಕ್ಕ ಚಪ್ಪಟೆ ಮುಂದಿನ ಹಾಯಿ, ಅಂದರೆ ಜಿಬ್, ಏರಿಸಿ ಎನ್ನುತ್ತೇನೆ. ಹೊಸ ಹಾಯಿಗೆ ಹಣ ಇಡುವುದಿದ್ದರೆ ಮೊದಲು ಅದಕ್ಕೇ ಇಡಿ.

ಪುಟ್ಟಪಟ
ನಾನು ಡಿಂಗಿ ಎಂಬ ಪುಟ್ಟ ಹಾಯಿದೋಣಿಗಳ ಪಂದ್ಯಗಳಿಂದ ಬಂದವನು. ಅಲ್ಲಿ ಗಾಳಿಗೆ ಹತ್ತಿರ ಹಿಡಿದವನೇ ಗೆಲ್ಲುವುದು. ಮೂತಿ ಇಳಿಸಿ ಎನ್ನುವ ಗಾಳಿಗುರುತು ಅವರ ಮಾತು ನನಗೆ ಸೋಮಾರಿಯ ಸಲಹೆಯಂತೆ ಕಾಣುತ್ತದೆ.

ಚುಕ್ಕಾಣಿಯಕ್ಕ
ಪುಟ್ಟಪಟ ತಮ್ಮಾ, ಡಿಂಗಿ ಹಗುರ. ತೆರೆಗೆ ನಿಂತರೂ ಮರುಕ್ಷಣ ಓಡುತ್ತದೆ. ಎರಡು ಟನ್ ತೂಗುವ ದೋಣಿ ಒಮ್ಮೆ ನಿಂತರೆ ಮತ್ತೆ ವೇಗ ಹಿಡಿಯುವಷ್ಟರಲ್ಲಿ ಮುಂದಿನ ತೆರೆ ಬಂದಿರುತ್ತದೆ. ಅದಕ್ಕೇ ಅದನ್ನು ನಿಲ್ಲಲು ಬಿಡಬಾರದು.

ತೆರೆನೊರೆಯವರು ಕೇಳದ ಒಂದು ವಿಷಯ ಹೇಳುತ್ತೇನೆ. ಇಂಥ ನೀರಿನಲ್ಲಿ ಒಂದೇ ಕೋನಕ್ಕೆ ಅಂಟಿಕೊಂಡು ಚುಕ್ಕಾಣಿ ಹಿಡಿಯುವುದೇ ತಪ್ಪು. ಗಾಳಿಯ ಕಡೆ ಕುಳಿತು ಕಣ್ಣನ್ನು ಮೂತಿಯಿಂದ ಎರಡು ತೆರೆ ಆಚೆಗಿಡಿ. ತೆರೆಯ ಮುಖ ಹತ್ತುವಾಗ ಟಿಲ್ಲರನ್ನು ಸ್ವಲ್ಪ ಸಡಿಲ ಬಿಡಿ, ಮೂತಿ ತಾನಾಗಿ ಗಾಳಿಗೆ ತುಸು ಏರುತ್ತದೆ. ನೆತ್ತಿ ಮುಟ್ಟುವುದಕ್ಕೆ ಒಂದು ಕ್ಷಣ ಮೊದಲೇ ಟಿಲ್ಲರನ್ನು ನಿಮ್ಮ ಕಡೆ ಎಳೆಯಿರಿ. ಆಗ ಮೂತಿ ಗಾಳಿಯಲ್ಲಿ ತೂಗಿ ಧೊಪ್ಪೆಂದು ಬೀಳದೆ, ತೆರೆಯ ಬೆನ್ನಿನ ಮೇಲೆ ಓರೆಯಾಗಿ ಜಾರುತ್ತದೆ. ಆ ಇಳಿಜಾರಿನಲ್ಲಿ ಗಳಿಸಿದ ವೇಗವೇ ಮುಂದಿನ ತೆರೆ ಹತ್ತಲು ಬಂಡವಾಳ. ಎಳೆಯುವುದು ತಡವಾದರೆ ಏನಾಗುತ್ತದೆ ಎಂಬುದು ಕೈಗೆ ತಕ್ಷಣ ಗೊತ್ತಾಗುತ್ತದೆ: ಟಿಲ್ಲರ್ ಒಮ್ಮೆಲೇ ಹಗುರಾಗುತ್ತದೆ, ಚುಕ್ಕಾಣಿಯ ಹಲಗೆಗೆ ನೀರಿನ ಹಿಡಿತವೇ ಇರುವುದಿಲ್ಲ. ದೋಣಿ ನಿಂತಿತು ಎಂದೇ ಅರ್ಥ. ಆಗ ಶೀಟ್ ಸ್ವಲ್ಪ ಬಿಟ್ಟು, ಮೂತಿಯನ್ನು ಧಾರಾಳವಾಗಿ ಕೆಳಗಿಳಿಸಿ. ವೇಗ ಬಂದ ಮೇಲೆಯೇ ಮತ್ತೆ ಮೇಲಕ್ಕೆ.

ಟಿಲ್ಲರ್ ತೋಳನ್ನು ಎಳೆಯುತ್ತದೆ ಎಂದಿರಲ್ಲ, ಅದು ಅತಿಯಾಗಿ ವಾಲಿದ್ದರ ಗುರುತು. ವಾಲಿದಾಗ ಹಾಯಿಯ ಬಲ ದೋಣಿಯ ಹೊರಗಿನಿಂದ ಎಳೆದು ಮೂತಿಯನ್ನು ಗಾಳಿಗೆ ತಿರುಗಿಸುತ್ತದೆ. ನೀವು ಚುಕ್ಕಾಣಿಯನ್ನು ಅಡ್ಡ ಹಿಡಿದು ಅದನ್ನು ತಡೆಯುತ್ತೀರಿ, ಆ ಹಲಗೆ ನೀರಿನಲ್ಲಿ ಬ್ರೇಕ್ ಆಗುತ್ತದೆ. ಮೂರರಿಂದ ಐದು ಡಿಗ್ರಿ ಚುಕ್ಕಾಣಿ ಒಳ್ಳೆಯದೇ, ಅದಕ್ಕಿಂತ ಹೆಚ್ಚು ಬೇಕಾದರೆ ಮುಖ್ಯ ಹಾಯಿಗೆ ಇನ್ನೊಂದು ರೀಫ್ ಹಾಕಿ. 20 ಡಿಗ್ರಿಗಿಂತ ಹೆಚ್ಚು ವಾಲಿಸಬೇಡಿ.

ಪುಟ್ಟಪಟ
ಅಕ್ಕ, ತೂಕದ ಮಾತು ಒಪ್ಪಿದೆ. ಆದರೆ ಎರಡನೆಯ ರೀಫ್ ಹಾಕಿದರೆ ತೆರೆಯನ್ನು ಒಡೆದು ಹೋಗಲು ಶಕ್ತಿ ಸಾಲುವುದಿಲ್ಲವಲ್ಲ?

ಗಾಳಿಗುರುತು
ಗಾಳಿಯ ಒತ್ತಡವೂ ವೇಗದ ವರ್ಗಕ್ಕೆ ತಕ್ಕಂತೆಯೇ ಏರುತ್ತದೆ. 15ರಿಂದ 21 ನಾಟ್‌ಗೆ ಹೋದರೆ ಬಲ ಎರಡು ಪಟ್ಟು. ಎದುರಿಗೆ ಹೋಗುವ ದೋಣಿಗೆ ತನ್ನ ವೇಗವೂ ಸೇರಿ 20ರ ಗಾಳಿ 23ರಂತೆ ತಾಗುತ್ತದೆ. ಶಕ್ತಿಗೆ ಕೊರತೆಯಿಲ್ಲ, ಅದನ್ನು ಮುಂದಕ್ಕೆ ತಿರುಗಿಸುವುದರಲ್ಲಿ ಕೊರತೆ. ನಿಮ್ಮ ಮಾತಿನಲ್ಲಿ ಹುರುಳಿರುವುದು ಒಂದು ಕಡೆ: ಗಾಳಿ ಇಳಿದು ತೆರೆ ಉಳಿದಾಗ. ಆಗ ರೀಫ್ ಬಿಚ್ಚಲು ತಡಮಾಡಿದರೆ ದೋಣಿ ನಿಂತಲ್ಲೇ ಕುಣಿಯುತ್ತದೆ.

ಮರದದೋಣಿ
ಉದ್ದ ಕೀಲ್ ಎಂದರೆ ಎದುರುಗಾಳಿಗೆ ಆಗದು ಎಂದು ಕಾಗೆಯವರು ಸೂಚಿಸಿದ್ದು ನನಗೆ ಸಹಿಸಲಾಗಲಿಲ್ಲ. ನಾರ್ಡಿಕ್ ಫೋಕ್‌ಬೋಟ್ ನೋಡಿ. 1940ರ ದಶಕದ ಆರಂಭದ ವಿನ್ಯಾಸ, 7.68 ಮೀಟರ್ ಉದ್ದ, 2.20 ಮೀಟರ್ ಅಗಲ, ಒಟ್ಟು ತೂಕದ ಅರ್ಧಕ್ಕೂ ಹೆಚ್ಚು ಕೀಲ್‌ನ ಕಬ್ಬಿಣ. ಒರಟು ನೀರಿನಲ್ಲಿ ಎದುರುಗಾಳಿಗೆ ಅದು ಹೋಗುವ ಪರಿ ನೋಡಿದವರು ಉದ್ದ ಕೀಲನ್ನು ಹಳಿಯುವುದಿಲ್ಲ. 1960ರ ಮೊದಲ ಏಕಾಂಗಿ ಅಟ್ಲಾಂಟಿಕ್ ಪಂದ್ಯದಲ್ಲಿ ಬ್ಲಾಂಡಿ ಹ್ಯಾಸ್ಲರ್ ದಾಟಿದ ಜೆಸ್ಟರ್ ದೋಣಿಯೂ ಮಾರ್ಪಡಿಸಿದ ಫೋಕ್‌ಬೋಟೇ. ಕಾಂಟೆಸಾ 26 ಕೂಡ.

ಹಳೆಲಂಗರು
ಚಿಕ್ಕ ತಿದ್ದುಪಡಿ. ಕಾಂಟೆಸಾ 26 ಫೋಕ್‌ಬೋಟ್‌ನಿಂದ ಪ್ರೇರಣೆ ಪಡೆದ ಬೇರೆಯೇ ವಿನ್ಯಾಸ, ಅದನ್ನು ಬರೆದದ್ದು ಡೇವಿಡ್ ಸ್ಯಾಡ್ಲರ್. ತಾನಿಯಾ ಏಬಿ 1980ರ ದಶಕದಲ್ಲಿ ಒಬ್ಬಳೇ ಲೋಕ ಸುತ್ತಿದ್ದು ಅದರಲ್ಲಿ.

ಕಡಲಕಾಗೆ
ಲೋಕ ಸುತ್ತುವವರು ಆದಷ್ಟೂ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹೋಗುತ್ತಾರೆ. ಅದು ಎದುರುಗಾಳಿಗೆ ಪುರಾವೆಯಲ್ಲ.

ಮರದದೋಣಿ
ಹಾಗಾದರೆ 1979ರ ಫಾಸ್ಟ್‌ನೆಟ್ ಪಂದ್ಯ ತೆಗೆದುಕೊಳ್ಳಿ. 303 ದೋಣಿಗಳು ಹೊರಟವು, ಬಿರುಗಾಳಿಗೆ 15 ಸ್ಪರ್ಧಿಗಳು ಜೀವ ಕಳೆದುಕೊಂಡರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಮುಗಿಸಿದ್ದು ಅಸೆಂಟ್ ಎಂಬ ಕಾಂಟೆಸಾ 32 ಒಂದೇ. ಕಿರಿದಾದ ಒಡಲು, ಭಾರವಾದ ಕೀಲ್.

ಕಡಲಕಾಗೆ
ಅಸೆಂಟ್‌ಗೆ ಇರುವುದು ಮೀನಿನ ರೆಕ್ಕೆಯಂಥ ಗಿಡ್ಡ ಫಿನ್ ಕೀಲ್, ಉದ್ದ ಕೀಲ್ ಅಲ್ಲ. ದೋಣಿ ಗಟ್ಟಿಯಾಗಿರುವುದು ಬೇರೆ, ಗಾಳಿಗೆ ಎದುರಾಗಿ ಹೋಗುವುದು ಬೇರೆ.

ಚುಕ್ಕಾಣಿಯಕ್ಕ
ಇಬ್ಬರೂ ಸ್ವಲ್ಪ ತಾಳಿ. ಕೇಳಿದವರ ದೋಣಿ 24 ಅಡಿಯದು.

ಅಡಿಪಾಯ
ದೋಣಿಯೊಳಗೆ ತೂಕ ಎಲ್ಲಿರಬೇಕು ಎಂಬ ಬಗ್ಗೆ ಇಲ್ಲಿಯ ತನಕ ಯಾರೂ ಬರೆಯಲಿಲ್ಲ. ಮೂತಿಯ ಪೆಟ್ಟಿಗೆಯಲ್ಲಿ ಲಂಗರು, ಸರಪಳಿ, ಬಿಡಿ ಹಗ್ಗ, ನೀರಿನ ಡಬ್ಬಿ ತುಂಬಿದ್ದರೆ ದೋಣಿ ಮೂತಿ ಎತ್ತುವುದೇ ಇಲ್ಲ, ತೆರೆಗೆ ನುಗ್ಗುತ್ತದೆ. ಹಿಂಬದಿಯಲ್ಲಿ ಎಂಜಿನ್ ನೇತಾಡುತ್ತಿದ್ದರೆ ಎರಡೂ ತುದಿ ಭಾರವಾಗಿ ತೊನೆದಾಟ ಇನ್ನೂ ಹೆಚ್ಚು. ಸರಪಳಿಯನ್ನಾದರೂ ಕ್ಯಾಬಿನ್ನಿನ ನಡುವೆ ನೆಲಕ್ಕೆ ತಂದು ಬಿಗಿಯಾಗಿ ಕಟ್ಟಿ. ಲಂಗರು ಮಾತ್ರ ಕೈಗೆ ಸಿಗುವಂತಿರಲಿ, ಗಾಳಿ ದಡದ ಕಡೆಗೆ ಬೀಸುತ್ತಿದ್ದರೆ ಅದೇ ಕೊನೆಯ ಆಸರೆ.

ದೋಣಿಯ ತಳ ಯಾವಾಗ ಉಜ್ಜಿದ್ದು? ಪಾಚಿಯ ತೆಳು ಪದರವೂ ವೇಗ ತಿನ್ನುತ್ತದೆ, ಚಿಪ್ಪು ಹಿಡಿದಿದ್ದರಂತೂ ಹಾಯಿಯ ಮಾತೇ ಬೇಡ.

ಎಣ್ಣೆಬತ್ತಿ
ಮೊದಲ ಉತ್ತರದಲ್ಲಿ ಎಂಜಿನ್ ಹಾಕಿ ಎಂದರಲ್ಲ, ಅಲ್ಲೇ ಅಪಾಯವಿದೆ. ಹಿಂಬದಿಗೆ ತೂಗುಹಾಕಿದ ಔಟ್‌ಬೋರ್ಡ್, ಮೂತಿ ತೆರೆಯಿಂದ ಇಳಿಯುವಾಗ ನೀರಿನಿಂದ ಹೊರಗೆ ಬಂದು ಅರಚುತ್ತದೆ, ಮರುಗಳಿಗೆ ಕತ್ತಿನ ತನಕ ಮುಳುಗುತ್ತದೆ. ಆರು ಅಶ್ವಶಕ್ತಿಯಲ್ಲಿ 25 ನಾಟ್ ಗಾಳಿಗೆ ನೇರ ಮೂತಿಯಿಟ್ಟು ಹೋಗುತ್ತೇನೆ ಎಂದರೆ ಆಗದ ಮಾತು. ಜೊತೆಗೆ, ಸಮುದ್ರ ಕುಲುಕಿದಾಗ ಟ್ಯಾಂಕಿನ ತಳದಲ್ಲಿ ಮಲಗಿದ್ದ ಕಸ, ನೀರು ಎಲ್ಲ ಎದ್ದು ಫಿಲ್ಟರ್ ಕಟ್ಟುತ್ತದೆ. ಎಂಜಿನ್ ಕೈಕೊಡುವುದು ಅದು ಬೇಕೇ ಬೇಕಾದ ಹೊತ್ತಿನಲ್ಲಿ, ಕಾರಣ ಇದೇ.

ಕಡಲಕಾಗೆ
ಹಾಯಿ ಇಳಿಸಿ ಎಂದದ್ದನ್ನು ಬಿಡುತ್ತೇನೆ. ರೀಫ್ ಹಾಕಿದ ಮುಖ್ಯ ಹಾಯಿಯನ್ನು ಬಿಗಿಯಾಗಿ ಎಳೆದು, ಎಂಜಿನ್ ಮಂದವಾಗಿ ಓಡಿಸಿ, ಗಾಳಿಗೆ 30 ಡಿಗ್ರಿಯಲ್ಲಿ ಹೋದರೆ ಹಾಯಿ ದೋಣಿಯ ಹೊರಳಾಟ ನಿಲ್ಲಿಸುತ್ತದೆ, ಎಂಜಿನ್ ತೆರೆಯಲ್ಲಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಕತ್ತಲಾಗುತ್ತಿದ್ದರೆ, ಜೊತೆಯಲ್ಲಿದ್ದವರು ವಾಂತಿ ಮಾಡಿಕೊಳ್ಳುತ್ತಿದ್ದರೆ ನಾನು ಅದನ್ನೇ ಮಾಡುತ್ತೇನೆ. ಕೋನ ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಎಣ್ಣೆಬತ್ತಿ
ಒಪ್ಪುತ್ತೇನೆ. ಔಟ್‌ಬೋರ್ಡ್ ಇರುವ ಬದಿ ಗಾಳಿಮರೆಗೆ ಬರುವ ಟ್ಯಾಕ್‌ನಲ್ಲಿ ಅದು ನೀರಿನಲ್ಲೇ ಇರುತ್ತದೆ. ಇನ್ನೊಂದು ಟ್ಯಾಕ್‌ನಲ್ಲಿ ಅದನ್ನು ನಂಬಬೇಡಿ.

ಬಿಗಿತಂತಿ
50 ವರ್ಷದ ದೋಣಿಯನ್ನು ತೆರೆಗೆ ಬಡಿಸುವ ಮುನ್ನ ತಂತಿಗಳನ್ನು ನೋಡಿದ್ದೀರಾ? 20 ಡಿಗ್ರಿ ವಾಲಿದಾಗ ಗಾಳಿಮರೆಯ ಪಕ್ಕದ ತಂತಿ ಸ್ವಲ್ಪ ಸಡಿಲವಾದರೆ ಚಿಂತೆಯಿಲ್ಲ. ಜೋತುಬಿದ್ದು ತೂಗಾಡಿದರೆ ಕೂವೆ ಪ್ರತಿ ತೆರೆಗೂ ಜಗ್ಗಿ ಪೆಟ್ಟು ತಿನ್ನುತ್ತಿದೆ ಎಂದರ್ಥ. ತಂತಿಯನ್ನು ಒಡಲಿಗೆ ಹಿಡಿದಿರುವ ಉಕ್ಕಿನ ಪಟ್ಟಿ ಡೆಕ್ ದಾಟುವ ಜಾಗದಲ್ಲಿ ಕಂದು ಕಲೆಯಿದ್ದರೆ ಪಟ್ಟಿಯನ್ನು ಹೊರತೆಗೆದೇ ನೋಡಬೇಕು. ಸ್ಟೇನ್‌ಲೆಸ್ ಉಕ್ಕು ಗಾಳಿಯಾಡದೆ ತೇವವಾಗಿರುವ ಜಾಗದಲ್ಲೇ ಒಳಗೊಳಗೆ ಸವೆಯುತ್ತದೆ, ಹೊರಗಿನ ಭಾಗ ಫಳಫಳ ಹೊಳೆಯುತ್ತಿರುತ್ತದೆ.

ತೆರೆನೊರೆ
ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಗಳನ್ನು ತೆಗೆದು ನೋಡಿದೆ, ಒಂದರಲ್ಲಿ ಬಿರುಕು ಇತ್ತು, ಬದಲಿಸಿದೆ. ಸರಪಳಿ ನಡುವಿಗೆ ಬಂತು. ತಳ ಉಜ್ಜಿಸಿದೆ. ಹಳೆಯ ಚೀಲವೊಂದರಲ್ಲಿ ಚಿಕ್ಕ ಜಿಬ್ ಸಿಕ್ಕಿತು, ಅದರ ಅಂಚು ಸುತ್ತುವ ಕೊಳವೆಯ ತೋಡಿಗೆ ಸರಿಯಾಗಿ ಕೂರುತ್ತದೆ. ನಿನ್ನೆ ಅದನ್ನೇ ಏರಿಸಿ, ಮುಖ್ಯ ಹಾಯಿಗೆ ಎರಡು ರೀಫ್ ಹಾಕಿ ಹೋದೆ. ಗಾಳಿ 20ರಿಂದ 24.

ಜಾಡಿನ ಕೋನ 112ರ ಸುಮಾರು, ವೇಗ ನಾಲ್ಕರಿಂದ ನಾಲ್ಕೂಕಾಲು. ಟಿಲ್ಲರ್ ಎರಡು ಬೆರಳಿಗೆ ಬಂತು! ಅಕ್ಕ ಹೇಳಿದ ಹಾಗೆ ನೆತ್ತಿಗೆ ಮೊದಲೇ ಎಳೆಯುವುದು ಇನ್ನೂ ಪ್ರತಿ ಸಲ ಹೊಂದುವುದಿಲ್ಲ, ಹೊಂದಿದಾಗ ದೋಣಿ ಸದ್ದಿಲ್ಲದೆ ಇಳಿಯುತ್ತದೆ. ಉಳಿದಿರುವ ತೊಂದರೆ ಒಂದು: ಟ್ಯಾಕ್ ಮಾಡಲು ಹೋದಾಗ ಮೂತಿ ಗಾಳಿಗೆ ನೇರವಾಗಿ ಬಂದು ನಿಂತುಬಿಡುತ್ತದೆ, ಆಚೆ ದಾಟುವುದಿಲ್ಲ.

ಚುಕ್ಕಾಣಿಯಕ್ಕ
ಸಂತೋಷವಾಯಿತು. ತೆರೆಗಳು ಗುಂಪುಗುಂಪಾಗಿ ಬರುತ್ತವೆ, ಎರಡು ದೊಡ್ಡವು ದಾಟಿದ ಮೇಲೆ ಸ್ವಲ್ಪ ಸಮತಟ್ಟು ಸಿಗುತ್ತದೆ. ಅದಕ್ಕೆ ಕಾಯಿರಿ. ಮೂತಿ ಇಳಿಸಿ ವೇಗ ತುಂಬಿಕೊಳ್ಳಿ, ನೆತ್ತಿಯ ಮೇಲಿದ್ದಾಗ ತಿರುಗಿಸಲು ತೊಡಗಿ. ಟಿಲ್ಲರನ್ನು ಒಮ್ಮೆಲೇ ತಳ್ಳಬೇಡಿ, ಹಲಗೆ ಅಡ್ಡವಾಗಿ ಇದ್ದ ವೇಗವನ್ನೂ ಕೊಲ್ಲುತ್ತದೆ. ಜಿಬ್‌ನ ಶೀಟ್ ಬೇಗ ಬಿಡಬೇಡಿ. ಗಾಳಿ ಜಿಬ್‌ನ ಹಿಂಬದಿಗೆ ತಾಗಿ ಮೂತಿಯನ್ನು ಆಚೆಗೆ ತಳ್ಳಲಿ, ಆಮೇಲೆ ಬಿಡಿ.

ಹಳೆಲಂಗರು
ಅಷ್ಟಾದರೂ ದಾಟದಿದ್ದರೆ ಗಾಳಿಯನ್ನು ಬೆನ್ನಿಗೆ ಹಾಕಿ ಸುತ್ತಿ ಬನ್ನಿ. ಸ್ವಲ್ಪ ದೂರ ಕಳೆಯುತ್ತೀರಿ. ಹಾಗೆ ಗಾಳಿ ಬೆನ್ನಿಗಿದ್ದಾಗ ಹಾಯಿ ಬದಿ ಬದಲಿಸುವುದೇ ಜೈಬ್. ಜೈಬ್ ಮಾಡುವ ಮುನ್ನ ಮುಖ್ಯ ಹಾಯಿಯ ಶೀಟನ್ನು ನಡುವಿಗೆ ಎಳೆದುಕೊಂಡು, ಎಲ್ಲರೂ ತಲೆ ತಗ್ಗಿಸಬೇಕು. ದಡ ಹತ್ತಿರವಿದ್ದರೆ ಇದನ್ನು ನಂಬಿಕೊಳ್ಳಬಾರದು.

ಜಿಬ್‌ನ ಶೀಟ್ ಬಿಡದೆ ಟ್ಯಾಕ್ ಮಾಡಿ, ಟಿಲ್ಲರನ್ನು ಗಾಳಿಮರೆಯ ಕಡೆಗೆ ಕಟ್ಟಿಟ್ಟರೆ ಉದ್ದ ಕೀಲ್ ದೋಣಿ ಹಾಗೆಯೇ ಸುಮ್ಮನೆ ನಿಂತು ನಿಧಾನವಾಗಿ ಪಕ್ಕಕ್ಕೆ ತೇಲುತ್ತದೆ. ಗಾಳಿಮರೆಗೆ ಸಾಕಷ್ಟು ತೆರೆದ ನೀರಿದ್ದರೆ ಊಟ ಮಾಡಲು, ರೀಫ್ ಹಾಕಲು, ವಾಂತಿ ಬಂದವರು ಮಲಗಲು ಇದಕ್ಕಿಂತ ಒಳ್ಳೆಯದಿಲ್ಲ. ಇದರಲ್ಲಿ ಉದ್ದ ಕೀಲ್‌ಗೆ ಸಮನಿಲ್ಲ. ಕಾಗೆಯವರೂ ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಕಡಲಕಾಗೆ
ಇದನ್ನು ಒಪ್ಪುತ್ತೇನೆ. 112 ಡಿಗ್ರಿಯನ್ನೂ ಒಪ್ಪುತ್ತೇನೆ. ಗಾಳಿ 30 ದಾಟಿದಾಗ ಮಾತ್ರ ಬಂದರಿನಲ್ಲೇ ಇರಿ.

ತೆರೆನೊರೆ
ಇನ್ನೊಂದು ಪ್ರಶ್ನೆ. ಚಿಕ್ಕ ಜಿಬ್ಬನ್ನು ಹೊರಡುವ ಮೊದಲೇ ಏರಿಸಬೇಕಾಗುತ್ತದೆ. ಜಿನೋವಾ ಸುತ್ತಿಕೊಂಡಿರುವಾಗ ಸಮುದ್ರದ ಮಧ್ಯೆ ಬದಲಿಸಲು ಆಗುವುದಿಲ್ಲವಲ್ಲ?

ಸೂಜಿದಾರ
ಆಗುವುದಿಲ್ಲ. ಬದಲಿಸಬೇಕಾದರೆ ಜಿನೋವಾವನ್ನು ಆ ಗಾಳಿಯಲ್ಲಿ ಪೂರ್ತಿ ಬಿಚ್ಚಿ ಇಳಿಸಬೇಕು, ಅದು ಸಲ್ಲದ ಕೆಲಸ. ಮುಂದಿನ ತಂತಿಯ ಹಿಂದೆ, ಬೇಡದಾಗ ಕಳಚಿ ಕೂವೆಗೆ ಕಟ್ಟಿಡುವಂಥ ಎರಡನೆಯ ತಂತಿ ಹಾಕಿಸಿ, ಜಿಬ್ಬನ್ನು ಕೊಕ್ಕೆಗಳಿಂದ ಅದಕ್ಕೆ ಏರಿಸುವುದು ಒಂದು ದಾರಿ.

ಬಿಗಿತಂತಿ
ಹಾಕಿಸುವುದಾದರೆ ಆ ತಂತಿಯ ಕೆಳತುದಿಯನ್ನು ಬರಿಯ ಡೆಕ್‌ಗೆ ಬಿಗಿಯಬೇಡಿ, ಡೆಕ್ ಎತ್ತಿಕೊಂಡು ಬರುತ್ತದೆ. ಡೆಕ್‌ನ ಅಡಿಯಿಂದ ಒಡಲಿಗೆ ಅಥವಾ ಗಟ್ಟಿಯಾದ ಅಡ್ಡಗೋಡೆಗೆ ಇನ್ನೊಂದು ತಂತಿ ಎಳೆದು ಭಾರವನ್ನು ಕೆಳಗೆ ಇಳಿಸಬೇಕು. ಡೆಕ್‌ನ ಅಡಿಭಾಗದ ಚಿತ್ರ ಹಾಕಿ, ಎಲ್ಲಿ ಹಿಡಿಯಬಹುದು ಎಂದು ನೋಡಿ ಹೇಳುತ್ತೇನೆ.